ಒಲೆ ಕಾಡಸಿದ್ದನದು, ಹಾಸಿಗೆ ಮನೀಷಾಳದು

ಮಧ್ಯಾಹ್ನ ಮೂರರ ಸುಮಾರಿಗೆ ಮನೀಷಾ ದ್ರಾಕ್ಷಿ ತೋಟದಿಂದ ಮನೆಗೆ ಬಂದಾಗ ಅಂಗಳದ ಮಣ್ಣಿನಲ್ಲಿ ಕಾರಿನ ಗಾಲಿಯ ಗುರುತಿತ್ತು, ಕಾರು ಇರಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಚಹಾದ ಕಪ್ಪುಗಳಿದ್ದವು, ಕುಡಿದವರು ಇರಲಿಲ್ಲ. ಅತ್ತೆ ಶಿವಗಂಗವ್ವ ಒಬ್ಬಳೇ ಹೊಸ್ತಿಲ ಪಕ್ಕ ಕಾಲು ಚಾಚಿ ಕೂತು, ಮೊರದ ತುಂಬ ಬೆಳ್ಳುಳ್ಳಿ ಹರವಿಕೊಂಡು, ದೊಡ್ಡದೊಂದು ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿದವಳ ಸಮಾಧಾನದಲ್ಲಿ ಸುಲಿಯುತ್ತಿದ್ದಳು.

“ಪುಣೆದವರು ಬಂದಿದ್ರೇನ್ರಿ ಅತ್ತಿ?”

“ಬಂದಿದ್ರು.”

“ಎಲ್ಲಿ ಅದಾರು?”

“ಅವರ ಮನಿಗೆ ಕಳಿಸೀನಿ.”

“ಪುಣೆಕ್ಕ?”

“ಪುಣೆಕ್ಕ ಯಾಕ ಕಳಸ್ಲಿ, ಹುಚ್ಚಿ? ಕಾಡಸಿದ್ದನ ಮನಿಗೆ.”

ಮನೀಷಾ ಕೈಯಲ್ಲಿದ್ದ ಬುತ್ತಿ ಡಬ್ಬಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಬೆಳಗಿನ ಐದರಿಂದ ಕಾಲ ಮೇಲಿದ್ದವಳು. ದ್ರಾಕ್ಷಿ ಗೊನೆಗಳನ್ನು ಒಂದೊಂದಾಗಿ ಔಷಧದ ನೀರಿನಲ್ಲಿ ಅದ್ದುವ ಕೆಲಸ. ಕೈ ಮೇಲೆತ್ತಿ ಎತ್ತಿ ಭುಜ ಬಿದ್ದುಹೋಗಿತ್ತು, ಬೆರಳ ತುದಿ ಸುಕ್ಕುಗಟ್ಟಿತ್ತು. ಐದಕ್ಕೆ ಬರುತ್ತೇವೆ ಎಂದಿದ್ದವರು ಎರಡಕ್ಕೇ ಬಂದುಬಿಟ್ಟಿದ್ದರು. ಅವರು ಮಾಡಿದ ಫೋನು ತೋಟದ ಶೆಡ್ಡಿನಲ್ಲಿ, ಗೂಟಕ್ಕೆ ನೇತುಹಾಕಿದ ಚೀಲದೊಳಗೆ ಬಡಕೊಂಡು ಬಡಕೊಂಡು ಸುಮ್ಮನಾಗಿತ್ತು.

“ಅತ್ತಿ, ಅವರು ನನ್ನ ಫೋನಿನಾಗ ಉಳಿಯಾಕ ಕೋಲಿ ಹಿಡದು ಬಂದವರು. ಮೊದಲನೇ ಗಿರಾಕಿ.”

“ಗಿರಾಕಿ ಅನಬ್ಯಾಡ. ಯಾತ್ರಿ ಅನ್ನು.”

“ಏನರ ಅಂತೀನಿ. ನೀವು ಹೊರಗ ಹಾಕಿದ್ರಿ.”

“ಹೊರಗ ಯಾಕ ಹಾಕ್ಲಿ? ಚಹಾ ಕೊಟ್ಟೀನಿ. ಚೂಡಾ ಕೊಟ್ಟೀನಿ. ಆಮ್ಯಾಲ ಊರು ಕೇಳೀನಿ, ಬೋರಗಾವ ಅಂದ್ರು. ಅಡ್ಡಹೆಸರ ಕೇಳೀನಿ, ಪಿಸಾಳ ಅಂದ್ರು. ಬೋರಗಾವದ ಪಿಸಾಳರು ಯಾರ ಮನಿ ಯಾತ್ರಿ? ಕಾಡಸಿದ್ದನ ಮನಿ ಯಾತ್ರಿ. ಅವರಿಗೆ ಗೊತ್ತಿದ್ದಿಲ್ಲ ಪಾಪ, ನಾ ಹೇಳೀನಿ. ದಾರಿ ತಪ್ಪಬಾರದಂತ ಓಣಿ ತುದಿತನಕ ಕಾರಿನ ಮುಂದ ನಾನ ನಡದ ಹೋಗಿ ತೋರಿಸಿ ಬಂದೀನಿ. ಈ ಮೊಣಕಾಲ ತಗೊಂಡು!”

ಕೊನೆಯ ಮಾತಿನಲ್ಲಿ ಒಂದಿಷ್ಟು ಮೆಚ್ಚುಗೆಯ ನಿರೀಕ್ಷೆಯೂ ಇತ್ತು.

ಅತ್ತೆ ಹೇಳಿದ್ದರಲ್ಲಿ ಊರಿನ ಲೆಕ್ಕಕ್ಕೆ ತಪ್ಪೇನೂ ಇರಲಿಲ್ಲ. ಮಂಗಸೂಳಿಯ ಮಲ್ಲಯ್ಯನಿಗೆ ನಡೆದುಕೊಳ್ಳುವವರಲ್ಲಿ ಗಡಿಯಾಚೆಯವರು ಬಹಳ. ಅಂಥ ಒಂದೊಂದು ಮನೆತನಕ್ಕೂ ಊರಲ್ಲಿ ಒಂದೊಂದು ಮನೆ ಗೊತ್ತಾಗಿತ್ತು, ಅಜ್ಜ ಮುತ್ತಜ್ಜರ ಕಾಲದಿಂದ. ಆ ಮನೆಯ ಅಟ್ಟದ ಮೇಲೆ ಯಾತ್ರಿಕರದೇ ಒಂದು ತಾಮ್ರದ ಬೋಗುಣಿ, ಕಂಠದ ಸುತ್ತ ಅವರ ಹೆಸರು ಕೆತ್ತಿಸಿದ್ದು, ವರ್ಷಪೂರ್ತಿ ಬೋರಲು ಬಿದ್ದಿರುತ್ತಿತ್ತು. ಅವರು ಬಂದಾಗ ಅದು ಕೆಳಗಿಳಿಯಬೇಕು, ಅದರಲ್ಲೇ ಹೋಳಿಗೆಯ ಬೇಳೆ ಬೇಯಬೇಕು, ಆ ಮನೆಯ ಒಲೆಯ ಮೇಲಿನಿಂದಲೇ ದೇವರಿಗೆ ನೈವೇದ್ಯ ಹೋಗಬೇಕು. ಶಿವಗಂಗವ್ವನ ಅಟ್ಟದ ಮೇಲೂ ಅಂಥ ಹನ್ನೊಂದು ಬೋಗುಣಿಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಖರಾಡೆ ಮನೆತನದ್ದು. ಅದನ್ನು ಇಳಿಸಲು ಇಬ್ಬರು ಬೇಕು. ಇಳಿಸುವ ಪ್ರಸಂಗವೇ ಬಂದು ವರ್ಷಗಳಾಗಿದ್ದವು.

ಯಾಕೆ ಎಂದರೆ ಶಿವಗಂಗವ್ವನೇ ಹೇಳುತ್ತಿದ್ದಳು. ಮನೀಷಾ ಹಿತ್ತಲ ಕಡೆಯ ನಾಲ್ಕು ಹಳೆಯ ಕೋಣೆಗಳಿಗೆ ಟೈಲ್ಸ್ ಹಾಕಿಸಿ, ಕಮೋಡ್ ತರಿಸಿದ ದಿನ, ಆ ಬಿಳಿಯ ವಸ್ತುವನ್ನು ಮೂಗಿಗೆ ಸೆರಗು ಹಿಡಿದುಕೊಂಡೇ ಒಂದು ಸುತ್ತು ಹಾಕಿ ನೋಡಿ, ಕಟ್ಟೆಯ ಮೇಲೆ ಕೂತು ಹೇಳಿದ್ದಳು.

“ನಾ ಈ ಮನಿಗೆ ನಡಿಯಾಕ ಬಂದಾಗ ಯಾತ್ರಿ ಚಕ್ಕಡಿ ಕಟಗೊಂಡ ಬರ್ತಿದ್ರು. ಗುಡಿ ಹಿಂದಿನ ಹುಣಸಿಗಿಡದ ಬುಡಕ್ಕ ಚಕ್ಕಡಿ ಬಿಟ್ಟು ಅದರ ತೆಳಗ ಮಲಗ್ತಿದ್ರು. ಹೆಣ್ಣಮಕ್ಕಳಷ್ಟ ಅಡಗಿಗೆ ಮನಿಗೆ ಬರ್ತಿದ್ರು. ಆಮ್ಯಾಲ ಕೆಂಪ ಬಸ್ಸು ಬಂತು. ಬಸ್ಸಿನ ತೆಳಗ ಮಲಗಾಕ ಬರ್ತದೇನು? ಪಡಸಾಲಿಗೆ ಬಂದ್ರು. ಆಮ್ಯಾಲ ಧರ್ಮಶಾಲಾ ಆತು, ಅಲ್ಲಿ ಫ್ಯಾನು ಅಂತ ಅಲ್ಲಿಗೆ ಹೋದ್ರು. ಆಮ್ಯಾಲ ಜೀಪು, ಮುಂಜಾನೆ ಬಂದು ಸಂಜಿಕ ಹೊಳ್ಳಿ ಹೋಗೂದು, ಮಲಗೂದು ಎಲ್ಲಿ ಬಂತು? ಈಗ ಮಿರಜ ರೋಡಿನ ಮ್ಯಾಲ ಲಿಫ್ಟಿನ ಲಾಜು. ನೀ ಈ ಬಿಳೇದು ತಂದಿಟ್ಟು ಯಾರನ್ನ ಕರಿಯಾಕಿ?”

“ಎಲ್ಲಾರನ್ನೂ,” ಎಂದಿದ್ದಳು ಮನೀಷಾ.

ಹಾಗೆ ಹೇಳುವ ಧೈರ್ಯ ಅವಳಿಗೆ ಬಂದದ್ದು ಮಹಾಪೂರದ ವರ್ಷ. ಅವಳ ತವರು ಜುಗೂಳ, ಕೃಷ್ಣೆಯ ದಂಡೆ. ಆ ಆಗಸ್ಟಿನಲ್ಲಿ ಹೊಳೆ ಮನೆಯೊಳಗೆ ಬಂದಾಗ ಜುಗೂಳದ ಮೂರು ಸಂಸಾರಗಳು ಹಾಸಿಗೆ, ಎಮ್ಮೆ, ಅಳುವ ಕೂಸುಗಳ ಸಮೇತ ಈ ಮನೆಗೆ ಬಂದು ಹನ್ನೊಂದು ದಿನ ಇದ್ದವು. ಅಷ್ಟು ಜನಕ್ಕೆ ರೊಟ್ಟಿ ಬಡಿದು ಬಡಿದು ಅಂಗೈ ಬೆಂದರೂ, ಒಂದು ವಿಷಯ ಮನೀಷಾಳಿಗೆ ಕಂಡಿತು. ಈ ಮನೆ ಇಕ್ಕಟ್ಟಾಗಲಿಲ್ಲ. ಗೋಡೆಯಲ್ಲಿ ಅಷ್ಟೊಂದು ಗೂಡುಗಳು, ಅಷ್ಟೊಂದು ಗೂಟಗಳು, ಬಾವಿಯ ಸುತ್ತ ಅಷ್ಟು ಅಗಲದ ಬಂಡೆ ಯಾಕೆಂದು ಆವರೆಗೆ ಅವಳಿಗೆ ತಿಳಿದಿರಲಿಲ್ಲ. ಬಂದವರನ್ನು ಇಟ್ಟುಕೊಳ್ಳಲೆಂದೇ ಕಟ್ಟಿದ ಮನೆ ಅದು. ಸುಮ್ಮನೆ ಬಿದ್ದಿತ್ತು.

ಗಂಡ ಶಿವರಾಜ ಬೇಡವೆನ್ನಲಿಲ್ಲ. ಮಗಳ ಹೆಸರಿನಲ್ಲಿ ‘ಕೋಮಲ ಹೋಮ್ ಸ್ಟೇ’ ಎಂದು ಹಸಿರು ಬೋರ್ಡು ಬರೆಸಿಕೊಟ್ಟ. ಮನೀಷಾಳೇ ಫೋಟೋ ಹೊಡೆದು, ಮರಾಠಿಯಲ್ಲೂ ಕನ್ನಡದಲ್ಲೂ ಬರೆದು, ಫೋನಿನ ಆ್ಯಪಿಗೆ ಹಾಕಿದಳು. ಎರಡು ತಿಂಗಳು ಯಾರೂ ಬರಲಿಲ್ಲ. ಹಾಸಿಗೆಯ ಚಾದರಗಳನ್ನು ಅವಳು ಎಂಟು ದಿನಕ್ಕೊಮ್ಮೆ ಒಗೆದು, ಇಸ್ತ್ರಿ ಮಾಡಿ, ಮತ್ತೆ ಹಾಸುತ್ತಿದ್ದಳು. ಅಷ್ಟರಲ್ಲಿ ಕಾಗವಾಡದ ಗೊಬ್ಬರದ ವ್ಯಾಪಾರಿಯೊಬ್ಬ ಬಂದು ಕೋಣೆಗಳನ್ನು ನೋಡಿ, ಗೋದಾಮಿಗೆ ಹೇಳಿ ಮಾಡಿಸಿದ ಜಾಗ ಎಂದುಬಿಟ್ಟ. ಶಿವರಾಜನ ಮನಸ್ಸು ಅತ್ತ ವಾಲಿತು. “ಸೋಮವಾರ ಅವಗ ಹೂಂ ಅಥವಾ ಇಲ್ಲ ಅಂತ ಹೇಳಬೇಕು ನೋಡು,” ಎಂದಿದ್ದ.

ಆಗ ಬಂದಿತ್ತು ಪುಣೆಯ ಅಪೂರ್ವಳ ಫೋನು. ಗಂಡ, ಅತ್ತೆ, ಮಗು, ತಾನು. ಶನಿವಾರ ಒಂದು ರಾತ್ರಿ ಎರಡು ಕೋಣೆ ಬೇಕು. ಹಿಡಿಸಿದರೆ ಮಲ್ಲಯ್ಯನ ಚಂಪಾಷಷ್ಠಿ ಜಾತ್ರೆಗೆ ತಮ್ಮ ಬಂಧುಬಳಗದ ನಲವತ್ತು ಜನ ಬರುವವರಿದ್ದಾರೆ, ಮೂರು ದಿನ ಅಲ್ಲಿಯೇ ಇಳಿಯುತ್ತೇವೆ. ಗೊಬ್ಬರದ ಚೀಲಗಳಿಗೂ ಇಸ್ತ್ರಿ ಮಾಡಿದ ಚಾದರಗಳಿಗೂ ನಡುವೆ ಇದ್ದದ್ದು ಆ ಒಂದೇ ಸಂಸಾರ. ಅದನ್ನು ಅತ್ತೆ ಓಣಿಯ ತುದಿಯವರೆಗೆ ನಡೆದು ಬೀಳ್ಕೊಟ್ಟು ಬಂದಿದ್ದಳು.

“ನಾ ಹೋಗಿ ಕರಕೊಂಡ ಬರ್ತೀನಿ,” ಎಂದಳು ಮನೀಷಾ, ಮುಖ ತೊಳೆಯದೆ.

“ಕರಕೊಂಡ ಬಂದ್ರ ನಾ ಈ ಹೊಸ್ತಿಲದಾಗ ಹಿಂಗ ಕೂತಿರ್ತೀನಿ, ದಾಟಿಕೊಂಡ ಹೋಗು. ನಮ್ಮತ್ತಿ ಭಂಡಾರ ಮುಟ್ಟಿ ಹೇಳಿದ ಮಾತದು. ಮಂದಿ ಮನಿ ಯಾತ್ರಿನ್ನ ಇಟಗೊಳ್ಳಾಂಗಿಲ್ಲ.”

ಭಂಡಾರ ಎಂದರೆ ಮಲ್ಲಯ್ಯನ ಅರಿಶಿನಪುಡಿ. ಅದನ್ನು ಮುಟ್ಟಿ ಆಡಿದ ಮಾತಿಗೆ ಎದುರಾಡುವವರು ಆ ಊರಲ್ಲಿ ಇಲ್ಲ. ಮನೀಷಾ ಕೂಡ ಆಡುವವಳಲ್ಲ. ಚಪ್ಪಲಿ ಮೆಟ್ಟಿ ಹೊರಟಳು.

ಕಾಡಸಿದ್ದನ ಓಣಿ ಸಣ್ಣದು. ಪಿಸಾಳರ ಬಿಳಿ ಕಾರು ಅರ್ಧ ಒಳಗೆ ಹೋಗಿ, ಮುಂದೆ ಎಮ್ಮೆಯ ಗೂಟ, ಹಿಂದೆ ಮೇವಿನ ಟ್ರ್ಯಾಕ್ಟರು, ನಡುವೆ ಸಿಕ್ಕಿಕೊಂಡಿತ್ತು. ಅಪೂರ್ವಳ ಗಂಡ ಕಾರಿನ ಬಾಗಿಲು ತೆರೆಯಲಾಗದೆ ಮಗುವಿನೊಂದಿಗೆ ಒಳಗೇ ಕೂತಿದ್ದ. ಅಪೂರ್ವ ಹೊರಗೆ ಗೋಡೆಗೆ ಆತು ನಿಂತು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಅವಳ ದುಪಟ್ಟಾದ ತುದಿಯನ್ನು ಒಂದು ಆಡಿನ ಮರಿ ಬಹಳ ಗಮನವಿಟ್ಟು ತಿನ್ನುತ್ತಿತ್ತು.

“ನೀವೇ ಮನೀಷಾ ಏನು?” ಎಂದು ಮರಾಠಿಯಲ್ಲಿ ಕೇಳಿದಳು. “ಫೋಟೋದಲ್ಲಿ ಬಿಳಿ ಚಾದರ ತೋರಿಸಿದಿರಿ. ಇಲ್ಲಿ ಬಂದರೆ ನಿಮ್ಮ ಅತ್ತೆ ಚಹಾ ಕೊಟ್ಟು, ಊರು ಕೇಳಿ, ಆಡುಗಳ ಮನೆಗೆ ಕಳಿಸಿದರು. ಇವರ ಮನೆಯ ಪಾಯಖಾನೆಯಲ್ಲಿ ಕಟ್ಟಿಗೆ ಒಟ್ಟಿದ್ದಾರೆ. ನಾನು ಮಿರಜಿನಲ್ಲಿ ಲಾಜು ನೋಡುತ್ತಿದ್ದೇನೆ. ನಮ್ಮ ಅತ್ತೆ ಏಳಲಿ, ಹೊರಟೆವು.”

“ಎಲ್ಲಿ ಅವರು?”

“ಒಳಗೆ. ಏಳುವುದಿಲ್ಲ ಅನ್ನುತ್ತಾರೆ!”

ಒಳಗೆ ಹೋಗಿ ನೋಡಿದರೆ ಪಿಸಾಳರ ಮುದುಕಿ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತುಬಿಟ್ಟಿದ್ದಳು. ಮಡಿಲಲ್ಲಿ ಧೂಳು ಹಿಡಿದ ಬೋಗುಣಿ. ಸೆರಗಿನಿಂದ ಅದರ ಕಂಠವನ್ನು ಉಜ್ಜಿ ಉಜ್ಜಿ ಒಂದೊಂದೇ ಅಕ್ಷರ ಓದುತ್ತಿದ್ದಳು. ಮಾವನ ಹೆಸರು, ಅವನ ಅಪ್ಪನ ಹೆಸರು. ಮದುವೆಯಾದ ವರ್ಷ ಒಮ್ಮೆ ಇದೇ ಬೋಗುಣಿಯಲ್ಲಿ ಬೇಳೆ ಕುದಿಸಿದ್ದು ಅವಳಿಗೆ ನೆನಪಿತ್ತು. ಯಾರ ಮನೆ, ಯಾವ ಓಣಿ ಎಂಬುದು ಮರೆತುಹೋಗಿತ್ತು. ಕಾಡಸಿದ್ದ ಬಾಗಿಲ ಬಳಿ ಕೈಕಟ್ಟಿ ನಿಂತು, ಬಿಟ್ಟುಹೋದ ಯಾತ್ರಿಕರು ತಾವಾಗಿ ಬಂದದ್ದಕ್ಕೆ ಹಿಗ್ಗಬೇಕೋ, ಅವರನ್ನು ಎಲ್ಲಿ ಮಲಗಿಸುವುದೆಂದು ಹೆದರಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದ. ಯಾತ್ರಿಕರ ಪಡಸಾಲೆಯಲ್ಲಿ ಈಗ ಹದಿನಾರು ಆಡುಗಳಿದ್ದವು.

ಅವನ ಹೆಂಡತಿ ಸತ್ತೆವ್ವ ಮಾತ್ರ ಹೆದರಿರಲಿಲ್ಲ.

“ಬಂದೇನವಾ ಸೊಸಿಮುದ್ದು? ಒಯ್ಯಾಕ ಬಂದಿರಬೇಕು. ನಿಮ್ಮ ಮನಿತನಕ್ಕ ನಮ್ಮ ಯಾತ್ರಿ ಮ್ಯಾಲ ಮೊದಲಿಂದ ಕಣ್ಣು.”

“ನಮ್ಮ ಅತ್ತಿನ ಕಳಿಸ್ಯಾಳ್ರಿ ಅತ್ಯಾ ನಿಮ್ಮ ಮನಿಗೆ.”

“ಕಳಿಸ್ದೆ ಏನ ಮಾಡ್ಯಾಳ? ಭಂಡಾರ ಮುಟ್ಟಿದ ಮಾತು ಐತಿ.” ಸತ್ತೆವ್ವ ಊದುಗೊಳವೆಯನ್ನು ನೆಲಕ್ಕೆ ಕುಟ್ಟಿದಳು. “ಮಳಿ ಬಂತಂತ, ಒಲಿ ತೊಯ್ದೈತಂತ, ನಮ್ಮ ಯಾತ್ರಿನ್ನ ಒಳಗ ಕರದು, ತಮ್ಮ ಒಲಿ ಮ್ಯಾಲ ಹೋಳಿಗಿ ಮಾಡಿಸಿ ನೈವೇದ್ಯ ಕಳಿಸಿದ ಮನಿ ನಿಮ್ಮದು. ನಮ್ಮತ್ತಿ ಶಿವಗಂಗವ್ವನ ಅತ್ತಿನ್ನ ಗುಡಿ ಮೆಟ್ಟಲದಾಗ ನಿಲ್ಲಿಸಿ ಮಾತು ತಗೊಂಡಾಳ.”

ಮನೀಷಾಳ ದಣಿದ ತಲೆಯೊಳಗೆ ಏನೋ ಒಂದು ಕಡ್ಡಿ ಗೀರಿದಂತಾಯಿತು. ಕಮೋಡ್ ತಂದ ದಿನ ಅತ್ತೆ ಕಟ್ಟೆಯ ಮೇಲೆ ಕೂತು ಹೇಳಿದ್ದು ನೆನಪಿಗೆ ಬಂತು: ಹುಣಸೆಮರ, ಚಕ್ಕಡಿ.

ಅವಳು ನೆಲಕ್ಕೆ ಕೂತಳು. ಅವಸರವಿಲ್ಲದವಳ ಹಾಗೆ ಕೇಳಿದಳು, “ಅತ್ಯಾ, ನಿಮ್ಮತ್ತಿ ಕಾಲದಾಗ ಈ ಪಿಸಾಳರು ಎಲ್ಲಿ ಮಲಗ್ತಿದ್ರು?”

“ಎಲ್ಲಿ ಅಂದ್ರ? ಹುಣಸಿಗಿಡದ ತೆಳಗ, ಚಕ್ಕಡ್ಯಾಗ.”

“ಮನ್ಯಾಗ ಅಲ್ಲ?”

“ನಮ್ಮ ಮನಿ ಆಗ ಏನ ವಾಡೇ ಇತ್ತಂತ ತಿಳದಿ? ಪಡಸಾಲಿ ಆಮ್ಯಾಲ ಕಟ್ಟಿದ್ದು. ಇಬ್ಬರು ಮಲಗಿದ್ರ ಮೂರನೇದಂವ ಕೂತು ಬೆಳಗ ಮಾಡಬೇಕಿತ್ತು.”

“ಗಿಡ ಯಾರದು?”

“ಗಿಡ ಗುಡಿದು. ಏನ ಕೇಳಾಕತ್ತಿ ನೀ?”

“ಹಂಗಾದ್ರ ಗುಡಿ ಗಿಡದ ತೆಳಗ ಮಲಗಿದ್ರ ಅವರು ನಿಮ್ಮ ಯಾತ್ರಿ ಅಲ್ಲಂತ ಯಾರರ ಅಂದ್ರೇನು?”

“ಅನ್ನಲಿ ನೋಡೂಣು! ಬೋಗುಣಿ ನಮ್ಮ ಅಟ್ಟದ ಮ್ಯಾಲ ಇತ್ತು. ಒಲಿ ನಮ್ಮದು.”

“ಹೌದಿಲ್ರಿ? ನಾನೂ ಅದನ್ನ ಹೇಳಾಕ ಬಂದೀನಿ. ಒಲಿ ನಿಮ್ಮದು. ಏಳ್ರಿ, ನನ್ನ ಜೋಡಿ ಬಂದು ಅಷ್ಟ ಮಾತು ನಮ್ಮ ಅತ್ತಿ ಮುಂದ ಹೇಳ್ರಿ.”

ಸತ್ತೆವ್ವ ಕಣ್ಣು ಸಣ್ಣಗೆ ಮಾಡಿ ನೋಡಿದಳು. ಎಲ್ಲಿಯೋ ಏನೋ ತನ್ನ ಕೈಯಿಂದ ಜಾರುತ್ತಿದೆ ಎಂಬ ಅನುಮಾನ ಅವಳಿಗೆ ಬಂದಿರಬೇಕು. ಆದರೆ ಶಿವಗಂಗವ್ವನ ಮುಂದೆ ನಿಂತು ‘ಒಲಿ ನಮ್ಮದು’ ಎನ್ನುವ ಅವಕಾಶ ಸಣ್ಣದಲ್ಲ. ಸೆರಗು ಕೊಡವಿ ಎದ್ದಳು. ಹೋಗುವಾಗ ಮನೀಷಾ ಅಪೂರ್ವಳಿಗೆ ಮರಾಠಿಯಲ್ಲಿ, “ತಾಯಿ, ಅರ್ಧ ತಾಸು. ಲಾಜಿಗೆ ಅರ್ಧ ತಾಸಾದ ಮೇಲೆ ಫೋನು ಮಾಡಿರಿ,” ಎಂದಳು. ಅದು ಬೇಡಿಕೊಂಡ ಹಾಗೆ ಇರಲಿಲ್ಲ. ಅಪೂರ್ವ ಆಡಿನ ಬಾಯಿಂದ ದುಪಟ್ಟಾ ಎಳೆದುಕೊಳ್ಳುತ್ತ ತಲೆಯಾಡಿಸಿದಳು.

ಶಿವಗಂಗವ್ವ ಹೇಳಿದ ಹಾಗೆಯೇ ಹೊಸ್ತಿಲಲ್ಲಿ ಕೂತಿದ್ದಳು. ಬೆಳ್ಳುಳ್ಳಿ ಮುಗಿದಿತ್ತು, ಆದರೂ ಮೊರ ಮುಂದೆಯೇ ಇತ್ತು. ಸತ್ತೆವ್ವನನ್ನು ಕಂಡು ಅವಳ ಬೆನ್ನು ನೆಟ್ಟಗಾಯಿತು. ಇಬ್ಬರೂ ಒಬ್ಬರ ಅಂಗಳಕ್ಕೆ ಒಬ್ಬರು ಕಾಲಿಟ್ಟು ಎಷ್ಟು ವರ್ಷವಾಗಿತ್ತೋ.

“ಒಳಗ ಬಾ ಅಂತ ಯಾರೂ ಕರದಿಲ್ಲ,” ಎಂದಳು ಶಿವಗಂಗವ್ವ.

“ನಾನೂ ಬಂದಿಲ್ಲ. ನಿನ್ನ ಸೊಸಿ ಎಳಕೊಂಡ ಬಂದಾಳ.”

“ನಿಮ್ಮ ಯಾತ್ರಿನ್ನ ನಿಮ್ಮ ಮನಿಗೆ ಮುಟ್ಟಿಸೀನಿ. ಇನ್ನೇನ ಬೇಕು?”

“ಮುಟ್ಟಿಸಿದ್ದಕ್ಕ ಆರತಿ ಎತ್ತಲೇನು?”

ಮನೀಷಾ ಇಬ್ಬರ ನಡುವೆ ಕಟ್ಟೆಯ ಮೇಲೆ ಕೂತಳು. ಕಾಲು ಸೆಳೆಯುತ್ತಿದ್ದವು, ನಿಂತು ವಾದ ಮಾಡುವ ಶಕ್ತಿ ಇರಲಿಲ್ಲ, ಕೂತು ಮಾಡಿದರೂ ವಾದ ವಾದವೇ.

“ಅತ್ತಿ, ಒಂದ ಕೇಳ್ತೀನಿ, ಇಬ್ಬರೂ ಹೇಳ್ರಿ. ಆವತ್ತು ಜಗಳ ಎದಕ್ಕ ಆತು? ಆ ಯಾತ್ರಿ ನಮ್ಮ ಮನ್ಯಾಗ ಮಲಗಿದ್ರಂತನೋ, ನಮ್ಮ ಒಲಿ ಹಚ್ಚಿದ್ರಂತನೋ?”

“ಒಲಿ ಹಚ್ಚಿದ್ದಕ್ಕ,” ಎಂದಳು ಸತ್ತೆವ್ವ ತಟ್ಟನೆ.

“ಮಲಗಿದ್ದಿಲ್ಲ ಅವರು,” ಎಂದಳು ಶಿವಗಂಗವ್ವ. “ಮಳಿ ನಿಂತಮ್ಯಾಲ ಧರ್ಮಶಾಲಾಕ್ಕ ಹೋಗಿ ಮಲಗಿದ್ರು.”

“ಧರ್ಮಶಾಲಾಕ್ಕ ಹೋದದ್ದಕ್ಕ ಯಾರರ ಭಂಡಾರ ಹಿಡಕೊಂಡ ಬಂದಿದ್ರೇನು?”

“ಅದಕ್ಕ್ಯಾಕ ಬರ್ತಾರ?” ಎಂದಳು ಶಿವಗಂಗವ್ವ. “ಮಲಗೂದು ಯಾರ ಎಲ್ಲೆರೆ ಮಲಗ್ತಾರ.”

“ಹೂಂ. ಚಕ್ಕಡಿ ತೆಳಗ ಮಲಗಿದ್ರೂ ಅವರು ನಿಮ್ಮ ನಿಮ್ಮ ಯಾತ್ರಿ. ಧರ್ಮಶಾಲಾದಾಗ ಮಲಗಿದ್ರೂ ನಿಮ್ಮ ಯಾತ್ರಿ. ಮಿರಜ ಲಾಜಿನಾಗ ಮಲಗಿದ್ರೂ ನಿಮ್ಮ ಯಾತ್ರಿ. ನನ್ನ ನಾಕ ಕೋಲ್ಯಾಗ ಮಲಗಿದ್ರಷ್ಟ ಹೆಂಗ ಬ್ಯಾರೆ ಆದಾರು? ನಾ ಬೋಗುಣಿ ಮುಟ್ಟಾಂಗಿಲ್ಲ, ಒಲಿ ಕೊಡಾಂಗಿಲ್ಲ. ಹೋಳಿಗಿ ಸತ್ತೆವ್ವತ್ಯಾನ ಒಲಿ ಮ್ಯಾಲ, ನೈವೇದ್ಯ ಅವರ ಮನಿಯಿಂದ. ನನ್ನ ಕೋಲಿ ಹುಣಸಿಗಿಡ ಅಂತ ತಿಳೀರಿ. ಮಲಗೂದಷ್ಟ.”

ಗೋಡೆಯಾಚೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಅದು ದೂರವಾಗುವವರೆಗೆ ಶಿವಗಂಗವ್ವ ಮೊರದೊಳಗಿನ ಸಿಪ್ಪೆಯನ್ನು ಬೆರಳಿನಿಂದ ಒಂದು ಮೂಲೆಗೆ ಗುಡ್ಡೆ ಮಾಡಿದಳು. ಆಮೇಲೆ ಸತ್ತೆವ್ವನ ಮುಖ ನೋಡದೆ ಕೇಳಿದಳು, “ಮತ್ತ ಚಹಾ?”

“ಯಾವ ಚಹಾ?”

“ಮುಂಜಾನೆ ಎದ್ದ ಕೂಡ್ಲೆ ಚಹಾ ಕೇಳಿದ್ರ? ಪುಣೆ ಮಂದಿ ಕೇಳ್ತಾರ. ಅದನ್ನೂ ನಿನ್ನ ಒಲಿ ಮ್ಯಾಲ ಮಾಡ್ಕೊಂಡು ಓಣಿ ದಾಟಿಸಿ ತರ್ತಿಯೇನು?”

ಸತ್ತೆವ್ವ ಇದನ್ನು ನಿಜವಾಗಿಯೂ ಯೋಚಿಸಿದಳು. “ಚಹಾ ನೀವು ಎದರ ಮ್ಯಾಲ ಮಾಡ್ತೀರಿ?”

“ಗ್ಯಾಸಿನ ಮ್ಯಾಲ.”

“ಗ್ಯಾಸು ಒಲಿ ಹೌದೋ ಅಲ್ಲೋ?”

“ಅದರಾಗ ಬೂದಿ ಬರ್ತೈತೇನು? ಬೂದಿ ಬರಲಾರದ್ದು ಎಲ್ಲೀ ಒಲಿ?” ಎಂದಳು ಶಿವಗಂಗವ್ವ, ಸೊಸೆಯ ಕಡೆಗೆ ತಾನು ಯಾವಾಗ ದಾಟಿದೆನೆಂದು ತಿಳಿಯದೆಯೇ. “ಅಲ್ಲದ, ಈಗಾಗಲೇ ನಾಕ ಕಪ್ಪು ಕುಡದ ಹೋಗ್ಯಾರ.”

“ಚಹಾ ನಡಿತೈತಿ,” ಎಂದು ಸತ್ತೆವ್ವ ತೀರ್ಪು ಕೊಟ್ಟಳು. “ಆದ್ರ ಅವಲಕ್ಕಿ, ಉಪ್ಪಿಟ್ಟು ನಡ್ಯಾಂಗಿಲ್ಲ. ಎಣ್ಣಿ ಕಾಸಿದ್ರ ಅಡಗಿ ಆತು.”

“ಹೂಂನ್ರಿ,” ಎಂದಳು ಮನೀಷಾ. ನಾಷ್ಟಾ ಮಾಡುವ ಕೆಲಸವೂ ತಪ್ಪಿತೆಂದು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಶಿವಗಂಗವ್ವ ಎರಡೂ ಕೈಯನ್ನು ಮೊಣಕಾಲಿಗೆ ಊರಿ ಎದ್ದಳು. ದೇವರ ಮಾಡದಿಂದ ಭಂಡಾರದ ಡಬ್ಬಿ ತಂದು, ಸತ್ತೆವ್ವನ ಹಣೆಗೆ ಹಚ್ಚಿದಳು. ಸತ್ತೆವ್ವ ಅದರಲ್ಲಿಯೇ ಒಂದು ಚಿಟಿಕೆ ತೆಗೆದು ತಿರುಗಿ ಅವಳ ಹಣೆಗೆ ಹಚ್ಚಿದಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ. ಬಳಿಕ ಇಬ್ಬರೂ ಸೇರಿ, ಅಷ್ಟು ದಿನ ಖಾಲಿ ಇದ್ದ ಕೋಣೆಗಳನ್ನು ನೋಡಲು ಒಳಗೆ ಹೋದರು. ಸತ್ತೆವ್ವನ ನಗು ಹಿತ್ತಲಿನಿಂದ ಕೇಳಿಸಿತು. ಬಿಳಿಯ ವಸ್ತುವನ್ನು ಕಂಡಿರಬೇಕು.

ಕಾರನ್ನು ಓಣಿಯಿಂದ ಹಿಂದಕ್ಕೆ ತೆಗೆಯುವುದೇ ದೊಡ್ಡ ಕೆಲಸವಾಯಿತು. ಶಿವರಾಜ ಬಂದು, ಟ್ರ್ಯಾಕ್ಟರಿನವನನ್ನು ಕರೆಸಿ, ಎಮ್ಮೆಯನ್ನು ಬಿಚ್ಚಿಸಿ, ‘ಹೊಡೀರಿ, ಹೊಡೀರಿ, ನಿಂದರ್ರಿ’ ಎಂದು ಕೂಗಿ ಕೂಗಿ ಹೊರಗೆ ತಂದ. ಅಪೂರ್ವ ಕೋಣೆಗೆ ಬಂದವಳು ಮೊದಲು ಬಚ್ಚಲಿನ ಬಾಗಿಲು ತೆರೆದು ನೋಡಿದಳು, ನಲ್ಲಿ ತಿರುವಿದಳು, ಬಿಸಿನೀರು ಬಂತು. ಚಾದರದ ಮೇಲೆ ಕೈಯಾಡಿಸಿದಳು. ಫೋನನ್ನು ಚಾರ್ಜಿಗೆ ಹಾಕಿದಳು. ಅದು ಸಾಕಾಗಿತ್ತು ಮನೀಷಾಳಿಗೆ. ಹೋಗುವ ಯೋಚನೆಯಿದ್ದವರು ಚಾರ್ಜಿಗೆ ಹಾಕುವುದಿಲ್ಲ.

ಪಿಸಾಳರ ಮುದುಕಿ ಮಾತ್ರ ದೀಪ ಹಚ್ಚುವ ಹೊತ್ತಿನವರೆಗೂ ಕಾಡಸಿದ್ದನ ಒಲೆಯ ಮುಂದಿನಿಂದ ಕದಲಲಿಲ್ಲ. ಬೋಗುಣಿಯನ್ನು ಹುಣಸೆಹಣ್ಣಿನಿಂದ ತಾನೇ ತಿಕ್ಕಿ ಕೆಂಪಗೆ ಮಾಡಿ, ಬೇಳೆ ನೆನೆಯಲು ಹಾಕಿ, ಸತ್ತೆವ್ವನ ಕೈಯ ರೊಟ್ಟಿ ತಿಂದು, ಕಾಡಸಿದ್ದನ ಕೈ ಹಿಡಿದು ಬಂದಳು. ಬಂದವಳೇ ಶಿವಗಂಗವ್ವನಿಗೆ ಮರಾಠಿಯಲ್ಲಿ, “ಅಲ್ಲಿ ನೆಲದ ಮೇಲೆ ಮಲಗುತ್ತಿದ್ದೆ ನಾನು, ಏಳಿಸುವವರು ಯಾರು?” ಎಂದು ನಕ್ಕು, ತನ್ನ ಮೊಣಕಾಲು ತೋರಿಸಿದಳು. ಶಿವಗಂಗವ್ವ ತನ್ನದನ್ನು ತೋರಿಸಿದಳು. ಅಲ್ಲಿಂದ ಅವರಿಬ್ಬರ ಮಾತು ಎಣ್ಣೆ, ಮುಲಾಮು, ಡಾಕ್ಟರು ಎಂದು ಎಲ್ಲಿಗೋ ಹೋಯಿತು.

ಭಾನುವಾರ ಕಾಡಸಿದ್ದನ ಮನೆಯಿಂದ ನೈವೇದ್ಯ ಹೊರಟಿತು. ಊರ ಬಾಯಿ ಊರದೇ; ಗುಡಿಯ ಮುಂದೆ ಯಾರೋ ಶಿವಗಂಗವ್ವನನ್ನು ಕೇಳಿಯೇಬಿಟ್ಟರು, ಕಾಡಸಿದ್ದನ ಯಾತ್ರಿ ನಿಮ್ಮ ಮನ್ಯಾಗ ಇಳದಾರಂತ? “ಇಳದಿಲ್ಲ, ಮಲಗ್ಯಾರ,” ಎಂದು ಅವಳು ನಡೆದುಬಿಟ್ಟಳು.

ಮಧ್ಯಾಹ್ನ ಹೊರಡುವ ಮೊದಲು ಅಪೂರ್ವ ಮನೀಷಾಳನ್ನು ಪಕ್ಕಕ್ಕೆ ಕರೆದಳು. ಚಂಪಾಷಷ್ಠಿಗೆ ಮೂರು ದಿನ, ನಲವತ್ತು ಜನ. ನಾಲ್ಕು ಕೋಣೆಯಲ್ಲಿ ಹೇಗೆ ಹಿಡಿಸುತ್ತೀರಿ?

“ಮುದುಕರು, ಕೂಸುಗಳು, ಹೆಣ್ಣುಮಕ್ಕಳು ಇಲ್ಲಿ. ಗಂಡಸರಿಗೆ ಕಾಡಸಿದ್ದ ಮಾಮಾನ ಪಡಸಾಲೆ,” ಎಂದಳು ಮನೀಷಾ. “ಆಡುಗಳಿಗೆ ಹಿತ್ತಲಲ್ಲಿ ಬೇರೆ ಚಪ್ಪರ ಹಾಕಿಸುತ್ತೇನೆ. ಸುಣ್ಣ ಹೊಡೆಸುತ್ತೇನೆ. ಪಾಯಖಾನೆಯ ಕಟ್ಟಿಗೆ ನಾಳೆಯೇ ಹೊರಗೆ ಬರುತ್ತದೆ.”

“ಅವರು ಒಪ್ಪಿದ್ದಾರೆಯೇ?”

“ಒಪ್ಪುತ್ತಾರೆ.”

ಅಪೂರ್ವ ನಕ್ಕಳು. ಕಾರು ಊರ ಹೊರಗೆ ಹೋಗಿ ಸ್ವಲ್ಪ ಹೊತ್ತಿಗೆ ಮನೀಷಾಳ ಫೋನು ಟಿಣ್ ಎಂದಿತು. ಅಪೂರ್ವ ಆ್ಯಪಿನಲ್ಲಿ ಐದರಲ್ಲಿ ನಾಲ್ಕು ಚುಕ್ಕಿ ಕೊಟ್ಟಿದ್ದಳು. ಕೆಳಗೆ ಬರೆದಿದ್ದಳು: ಕೋಣೆ ಸ್ವಚ್ಛ, ನೀರು ಬಿಸಿ, ಹೋಳಿಗೆ ಅಮೃತ. ಒಂದು ಚುಕ್ಕಿ ಕಡಿಮೆ ಯಾಕೆಂದರೆ ಬಂದ ಹೊತ್ತಿಗೇ ಮನೆಯ ಅಜ್ಜಿ ಹೊರಗೆ ಕಳಿಸಿದರು. ಮನೀಷಾ ಅದನ್ನು ಅತ್ತೆಗೆ ಓದಿ ಹೇಳಿದಳು.

“ಚುಕ್ಕಿ ಕಳದಾಳೇನು?” ಎಂದಳು ಶಿವಗಂಗವ್ವ. “ಕಳೀಲಿ ಬಿಡು. ಮಾತು ಉಳಿತಲ್ಲ.”

ಸೋಮವಾರ ಬೆಳಗ್ಗೆ ಶಿವರಾಜ ಕಟ್ಟೆಯ ಮೇಲೆ ಕೂತು ಗೊಬ್ಬರದ ವ್ಯಾಪಾರಿಗೆ ಫೋನು ಹಚ್ಚಿ, ಇಲ್ರಿ ಸಾಹುಕಾರ್ರ, ಕೋಲಿ ತುಂಬ್ಯಾವ್ರಿ, ಎಂದು ಹೇಳಿ ಮುಗಿಸಿದ. ತುಂಬಿದವು ಎಂಬ ಮಾತಿಗೆ ಇನ್ನೂ ಮೂರು ವಾರ ಬಾಕಿಯಿತ್ತು, ಆದರೆ ಅವನ ದನಿಯಲ್ಲಿ ಅದು ಕಾಣಲಿಲ್ಲ. ಮನೀಷಾ ತೋಟಕ್ಕೆ ಹೊರಡಲು ಬುತ್ತಿ ಕಟ್ಟುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಬಡಕೊಂಡಿತು. ಕೈಯಲ್ಲಿ ಹಿಟ್ಟಿತ್ತು, ಶಿವಗಂಗವ್ವ ಎತ್ತಿ ಕಿವಿಗೆ ಹಿಡಿದಳು.

“ಗಾವ ಕುಠಲಂ?” ಎಂದು ಅತ್ತೆಯ ಬಾಯಿ ಮೊದಲು ಊರನ್ನೇ ಕೇಳಿತು. ಆ ಕಡೆಯ ಉತ್ತರ ಕೇಳಿ ಅವಳ ಮುಖ ಅರಳಿದ್ದನ್ನು ಮನೀಷಾ ಒಲೆಯ ಬಳಿಯಿಂದಲೇ ಕಂಡಳು. ಖರಾಡೆಯವರು! ಅಟ್ಟದ ಮೇಲಿನ ಆ ದೊಡ್ಡ ಬೋಗುಣಿಯವರು. ಪಿಸಾಳರಿಂದ ಸುದ್ದಿ ತಿಳಿಯಿತಂತೆ, ನೆಂಟಸ್ತಿಕೆ ಇದೆಯಂತೆ. ಮುಂದಿನ ಭಾನುವಾರ ಹನ್ನೆರಡು ಜನ ಬರುವವರಿದ್ದಾರೆ. ಒಲೆ ಸಿಕ್ಕೀತೇ?

“ಸಿಗದ ಏನು! ನಿಮ್ಮದ ಒಲಿ, ನಿಮ್ಮದ ಬೋಗುಣಿ,” ಎಂದು ಶಿವಗಂಗವ್ವ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೂಗಿದಳು. ಆಮೇಲೆ ತುಸು ಹೊತ್ತು ಕೇಳಿಸಿಕೊಂಡು, “ಅದಕ್ಕೇನಾತ್ರಿ? ಲಾಜಿನಾಗ ಹಿಡದ್ರ ಹಿಡೀರಿ. ಮಲಗೂದು ಯಾರ ಎಲ್ಲೆರೆ ಮಲಗ್ತಾರ. ನಮ್ಮದೇನ ಅಭ್ಯಂತರ ಇಲ್ಲ. ಒಲಿ ಮುಖ್ಯ,” ಎಂದಳು.

“ಅತ್ತಿ!”

ಮನೀಷಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಶಿವಗಂಗವ್ವ ಫೋನಿನ ಮೇಲೆ ಅಂಗೈ ಮುಚ್ಚಿದಳು. “ಯಾಕ? ನೀನ ಹೇಳಿದ್ದಲ್ಲ ಮೊನ್ನೆ, ಮಲಗೂದಕ್ಕೂ ಒಲಿಗೂ ಸಂಬಂಧ ಇಲ್ಲಂತ?”

ಶಿವರಾಜ ಮುಖ ಆಚೆ ತಿರುಗಿಸಿದ. ಅವನ ಬೆನ್ನು ನಗುತ್ತಿತ್ತು.

“ನಾಕ ಕೋಲಿ ಖಾಲಿ ಅದಾವ್ರಿ! 'ಯಾಕ ಲಾಜಿಗೆ ಹೋಗ್ತೀರಿ' ಅಂತ ಕೇಳ್ರಿ.”

“ಹಿರೇ ಖರಾಡೆಗೆ ಮೊಣಕಾಲ ನೋವಂತ. ಅಲ್ಲಿ ಲಿಫ್ಟ್ ಐತಂತ.”

ಮನೀಷಾ ಅತ್ತೆಯ ಕೈಯಿಂದ ಫೋನು ಕಸಿದುಕೊಂಡಳು. ಒಂದು ಸಲ ಉಸಿರೆಳೆದು, ನಲವತ್ತು ಜನರನ್ನು ಕರೆಯಬಲ್ಲವಳ ದನಿಯಲ್ಲಿ ಮರಾಠಿಯಲ್ಲಿ ಮಾತಿಗಿಳಿದಳು: “ನಮಸ್ಕಾರ, ನಾನು ಈ ಮನೆಯ ಸೊಸೆ. ಲಿಫ್ಟು ಮೂರು ಮಾಳಿಗೆ ಇದ್ದವರಿಗೆ. ನಮ್ಮದು ನೆಲದ ಮೇಲಿನ ಮನೆ. ಇರುವುದು ಕಟ್ಟೆಯ ಎರಡೇ ಮೆಟ್ಟಿಲು. ಅಜ್ಜನನ್ನು ನಾನೇ ಕೈ ಹಿಡಿದು ಹತ್ತಿಸುತ್ತೇನೆ. ಹಾಸಿಗೆಯಿಂದ ಒಲೆಗೆ ಹದಿನೈದು ಹೆಜ್ಜೆ. ಲಾಜಿನಿಂದ ಎಷ್ಟು ಹೆಜ್ಜೆ, ಅವರನ್ನು ಕೇಳಿ ನೋಡಿ.”

ಆ ಕಡೆ ಸ್ವಲ್ಪ ಹೊತ್ತು ಏನೋ ಗುಜುಗುಜು. ಮುದುಕನ ದನಿಯೊಂದು ಹಿಂದಿನಿಂದ ಏನೋ ಕೇಳಿತು. ಫೋನಿನಲ್ಲಿದ್ದವನು ಅದನ್ನು ಸಂಕೋಚದಿಂದ ದಾಟಿಸಿದ.

ಮನೀಷಾ ಅತ್ತೆಯ ಮುಖವನ್ನೇ ನೋಡುತ್ತ, ಒಂದೊಂದು ಶಬ್ದವನ್ನೂ ಬಿಡಿಸಿ ಉತ್ತರ ಕೊಟ್ಟಳು. “ಇದೆ. ನಾಲ್ಕು ಕೋಣೆಗೂ ಒಂದೊಂದು ಕಮೋಡ್ ಇದೆ.”

ಶಿವಗಂಗವ್ವ ಸೆರಗನ್ನು ಮೂಗಿನವರೆಗೆ ಒಯ್ದವಳು ಅಲ್ಲಿಯೇ ನಿಲ್ಲಿಸಿದಳು. ಆಮೇಲೆ ಮಗನ ಕಡೆ ತಿರುಗಿ ಹೇಳಿದಳು, “ಶಿವರಾಜಾ, ಏಳು. ಆ ದೊಡ್ಡ ಬೋಗುಣಿ ಇಳಸಬೇಕು. ಇಬ್ಬರು ಬೇಕು ಅದಕ್ಕ.”